ಒಂದೇ ಎಸಿ, ಮೂರು ಊರು

ಬ್ಯಾಂಕಿನ ನೌಕರಿಯಲ್ಲಿ ವರ್ಗಾವಣೆಯಾದಾಗ ಕಪಾಟು, ಮಂಚ, ಫ್ರಿಜ್ಜಿನ ಜೊತೆಗೆ ಎಸಿಯನ್ನೂ ಬಿಚ್ಚಿಸಿ ಲಾರಿಗೆ ಹೇರಿಸುವವರು ಬಹಳ ಮಂದಿ ಇದ್ದಾರೆ. ನಾನೂ ಕಲಬುರಗಿಯಲ್ಲಿ ಕೊಂಡಿದ್ದ ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿಯನ್ನು ಹೀಗೆಯೇ ಮಂಗಳೂರಿಗೆ ಒಯ್ದೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಹಗಲಿರುಳು ದುಡಿದ ಯಂತ್ರಕ್ಕೆ 32, 33 ಡಿಗ್ರಿಯ ಕರಾವಳಿ ಹಗುರವಾಗಬೇಕು, ವಿದ್ಯುತ್ ಬಿಲ್ಲೂ ಇಳಿಯಬೇಕು ಎಂಬುದು ಸಹಜವಾದ ಲೆಕ್ಕ. ಆದದ್ದೇ ಬೇರೆ. ಬಿಲ್ಲು ಇಳಿಯಲಿಲ್ಲ. ರಿಮೋಟಿನಲ್ಲಿ 24 ಎಂದು ತೋರಿಸುತ್ತಿದ್ದರೂ ಹಾಸಿಗೆ ಹಸಿಯಾಗಿರುತ್ತಿತ್ತು, ಮೈಗೆ ಬಟ್ಟೆ ಅಂಟುತ್ತಿತ್ತು, ಬೆಳಗಿನ ಜಾವ ಚಳಿಯೂ ಸೆಖೆಯೂ ಒಟ್ಟಿಗೆ ಇರುವ ವಿಚಿತ್ರ ಸ್ಥಿತಿಯಲ್ಲಿ ಎಚ್ಚರವಾಗುತ್ತಿತ್ತು. ಕಲಬುರಗಿಯಲ್ಲಿ ಇದೇ ಯಂತ್ರದಿಂದ ತುಟಿ ಒಡೆಯುತ್ತಿತ್ತು, ಮೂಗು ಒಣಗುತ್ತಿತ್ತು. ಈ ವ್ಯತ್ಯಾಸವನ್ನು ಬೆನ್ನು ಹತ್ತಿದಾಗ, ಎಸಿ ಕೊಳ್ಳುವವರಿಗೆ ನಮ್ಮ ಅಂಗಡಿಗಳು ಕೇಳುವ ಒಂದೇ ಪ್ರಶ್ನೆ, ‘ರೂಮ್ ಎಷ್ಟು ಅಡಿ ಸರ್?’ ಎಂಬುದು, ಎಷ್ಟು ಸಾಲದು ಎಂದು ಅರಿವಾಯಿತು.

ತಂಪು ಬೇರೆ, ಒಣಗಿಸುವುದು ಬೇರೆ

ಎಸಿ ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ. ಕೋಣೆಯ ಗಾಳಿಯ ಉಷ್ಣತೆಯನ್ನು ಇಳಿಸುವುದು ಒಂದು. ಆ ಗಾಳಿಯಲ್ಲಿ ಆವಿಯಾಗಿ ಅಡಗಿರುವ ನೀರನ್ನು ತಣ್ಣನೆಯ ಸುರುಳಿಯ ಮೇಲೆ ಹನಿಯಾಗಿಸಿ ಪೈಪಿನಲ್ಲಿ ಹೊರಗೆ ಹರಿಸುವುದು ಇನ್ನೊಂದು. ಮೊದಲನೆಯದನ್ನು ನಾವು ರಿಮೋಟಿನ ಅಂಕಿಯಲ್ಲಿ ನೋಡುತ್ತೇವೆ, ಎರಡನೆಯದು ನಮ್ಮ ಕಣ್ಣಿಗೆ ಬೀಳುವುದು ಹಿತ್ತಿಲಿನಲ್ಲಿ ತೊಟ್ಟಿಕ್ಕುವ ಪೈಪಿನಲ್ಲಿ ಮಾತ್ರ. ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಈ ಯಂತ್ರದ ಮೂಲರೂಪವನ್ನು ವಿನ್ಯಾಸಗೊಳಿಸಿದ್ದು ಮನುಷ್ಯರ ಸುಖಕ್ಕಾಗಿ ಅಲ್ಲ, ಒಂದು ಮುದ್ರಣಾಲಯಕ್ಕಾಗಿ. ಗಾಳಿಯ ತೇವ ಏರಿಳಿದಂತೆ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಬೀಳಬೇಕಾದ ಬಣ್ಣಗಳು ಪಕ್ಕಕ್ಕೆ ಸರಿಯುತ್ತಿದ್ದವು. ಆ ತೇವವನ್ನು ಹಿಡಿತಕ್ಕೆ ತರುವುದೇ ಅಲ್ಲಿನ ಉದ್ದೇಶವಾಗಿತ್ತು. ಒಣಗಿಸಲು ಹುಟ್ಟಿದ ಯಂತ್ರವನ್ನು ನಾವು ಬರೀ ತಂಪಿನ ಯಂತ್ರವೆಂದು ಕೊಳ್ಳುತ್ತಿದ್ದೇವೆ.

ಈ ಎರಡನೆಯ ಕೆಲಸದ ತೂಕ ಎಷ್ಟೆಂದು ಅಂಕಿಗಳಲ್ಲಿ ನೋಡಬೇಕು. ಒಂದು ಟನ್ ಎಂದರೆ ಸುಮಾರು 3.5 ಕಿಲೋವ್ಯಾಟ್ ಶಾಖವನ್ನು ಹೊರಹಾಕುವ ಶಕ್ತಿ. 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರುವ ಶಾಖದಿಂದ ಬಂದ ಅಳತೆ ಅದು. ಗಾಳಿಯಿಂದ ಒಂದು ಲೀಟರ್ ನೀರನ್ನು ಇಳಿಸಲು, ಒಂದು ಟನ್ನಿನ ಯಂತ್ರ ಒಂದು ಗಂಟೆಯಲ್ಲಿ ಮಾಡಬಲ್ಲ ಕೆಲಸದ ಹೆಚ್ಚುಕಡಿಮೆ ಐದನೇ ಒಂದು ಭಾಗ ಖರ್ಚಾಗುತ್ತದೆ. ಇನ್ನು ಗಾಳಿಯಲ್ಲಿ ಇರುವ ನೀರು: ಮಂಗಳೂರಿನಲ್ಲಿ 32 ಡಿಗ್ರಿ, ಶೇ 70 ಆರ್ದ್ರತೆಯ ಒಂದು ದಿನ ಪ್ರತಿ ಕಿಲೋ ಗಾಳಿಯಲ್ಲಿ ಸುಮಾರು 21 ಗ್ರಾಂ ನೀರಿರುತ್ತದೆ. ಕಲಬುರಗಿಯಲ್ಲಿ 42 ಡಿಗ್ರಿ, ಶೇ 15 ಆರ್ದ್ರತೆಯ ಮಧ್ಯಾಹ್ನ ಅದು ಸುಮಾರು 8 ಗ್ರಾಂ. ಹಿತವೆನಿಸುವ ಕೋಣೆಯ ಗಾಳಿಯಲ್ಲಿಯೇ, ಅಂದರೆ 24 ಡಿಗ್ರಿ ಮತ್ತು ಶೇ 55ರಲ್ಲಿ, ಸುಮಾರು 10 ಗ್ರಾಂ ಇರುತ್ತದೆ. ಹೀಗಾಗಿ ಕಲಬುರಗಿಯ ಬೇಸಿಗೆಯ ಗಾಳಿ ಎಸಿಗೆ ಬರುವ ಮೊದಲೇ ಬೇಕಾದ್ದಕ್ಕಿಂತ ಒಣಗಿರುತ್ತದೆ, ಮಂಗಳೂರಿನ ಗಾಳಿಯಿಂದ ಅರ್ಧಕ್ಕರ್ಧ ನೀರನ್ನು ಹಿಂಡಿ ತೆಗೆಯಬೇಕಾಗುತ್ತದೆ.

ಇದರಿಂದ ಹೊರಡುವ ಒಂದು ಫಲಿತಾಂಶ ನನ್ನನ್ನು ಬಹಳ ದಿನ ಯೋಚನೆಗೆ ಹಚ್ಚಿತು. ಹೊರಗಿನ ಒಂದು ಕಿಲೋ ಗಾಳಿ ಕಿಟಕಿಯ ಸಂದಿನಿಂದ ಒಳಗೆ ನುಸುಳಿತು ಎಂದುಕೊಳ್ಳೋಣ. ಅದನ್ನು ಕೋಣೆಯ ಸ್ಥಿತಿಗೆ ತರಲು ಕಲಬುರಗಿಯಲ್ಲಿ ಸುಮಾರು 18 ಕಿಲೋಜೂಲ್ ಶಾಖ ತೆಗೆದರೆ ಸಾಕು. ಮಂಗಳೂರಿನಲ್ಲಿ ಸುಮಾರು 36 ಕಿಲೋಜೂಲ್ ತೆಗೆಯಬೇಕು. ಹೊರಗೆ ಹತ್ತು ಡಿಗ್ರಿ ಕಡಿಮೆ ಇರುವ ಊರಿನಲ್ಲಿ ನುಸುಳುವ ಗಾಳಿಯ ಹೊರೆ ಎರಡು ಪಟ್ಟು. ಗೋಡೆ, ಮಾಳಿಗೆಯ ಮೂಲಕ ಬರುವ ಶಾಖದ ಮಾತು ಇದಕ್ಕೆ ತದ್ವಿರುದ್ಧ: ಅದು ಒಳಹೊರಗಿನ ಡಿಗ್ರಿಗಳ ಅಂತರವನ್ನು ಅನುಸರಿಸುವುದರಿಂದ ಅಲ್ಲಿ ಕಲಬುರಗಿಯದೇ ಎರಡು ಪಟ್ಟಿಗೂ ಹೆಚ್ಚು. ಒಂದು ಊರಿನಲ್ಲಿ ಶಾಖ ಮಾಳಿಗೆಯಿಂದ ಇಳಿಯುತ್ತದೆ, ಇನ್ನೊಂದರಲ್ಲಿ ಸಂದುಗಳಿಂದ ನುಗ್ಗುತ್ತದೆ. ಎಸಿ ಹೇಗೆ ಕೆಲಸ ಮಾಡುತ್ತದೆ ಎಂಬುದು ಎಸಿಗಿಂತ ಹೆಚ್ಚಾಗಿ ಈ ದಾರಿಗಳನ್ನು ಅವಲಂಬಿಸಿದೆ.

ಕಲಬುರಗಿಯ ಮಾಳಿಗೆ

ಕಲಬುರಗಿಯಲ್ಲಿ ನಾವಿದ್ದದ್ದು ಮೊದಲ ಮಹಡಿಯ ಮನೆ. ಮೇಲೆ ಬರಿಯ ಕಾಂಕ್ರೀಟಿನ ಮಾಳಿಗೆ. ನೆಲಕ್ಕೆ ಹಾಸಿದ್ದ ಶಹಾಬಾದ್ ಪರ್ಸಿ ಬೆಳಗಿನ ಹೊತ್ತು ಪಾದಕ್ಕೆ ಹಿತವಾಗಿರುತ್ತಿತ್ತು, ಆದರೆ ಸಂಜೆ ಮಂಚದ ಮೇಲೆ ನಿಂತು ಕೈ ಚಾಚಿ ಸೀಲಿಂಗ್ ಮುಟ್ಟಿದರೆ ಬಿಸಿ ತಾಗುತ್ತಿತ್ತು. ಹಗಲಿಡೀ ಕುಡಿದ ಬಿಸಿಲನ್ನು ಆ ಸ್ಲ್ಯಾಬು ರಾತ್ರಿ ಹತ್ತರ ನಂತರವೂ ಕೆಳಗೆ ಬಿಡುತ್ತಲೇ ಇರುತ್ತಿತ್ತು. ಅಕ್ಕಪಕ್ಕದವರು ಸಂಜೆಯಾಗುತ್ತಲೇ ಮಾಳಿಗೆಗೆ ನೀರು ಚಿಮುಕಿಸುತ್ತಿದ್ದರು, ನೀರಿದ್ದ ದಿನಗಳಲ್ಲಿ ನಾವೂ ಹಾಗೆ ಮಾಡುತ್ತಿದ್ದೆವು. ಎಸಿ ಮಾತ್ರ ಮಧ್ಯಾಹ್ನ ಎರಡರಿಂದ ರಾತ್ರಿಯವರೆಗೆ ಒಮ್ಮೆಯೂ ಬಿಡುವು ಪಡೆಯದೆ ಓಡುತ್ತಿತ್ತು. ಡ್ರೈನ್ ಪೈಪಿನಲ್ಲಿ ಒಂದು ಹನಿಯೂ ಬರದಿದ್ದುದನ್ನು ಕಂಡು, ಸರ್ವಿಸ್‌ಗೆ ಬಂದ ಹುಡುಗನನ್ನು ಪೈಪು ಕಟ್ಟಿಕೊಂಡಿದೆಯೇ ಎಂದು ಕೇಳಿದೆ. ಅವನು ಪೈಪಿನ ತುದಿಯನ್ನು ಬೆರಳಿನಿಂದ ಸವರಿ ನೋಡಿ, ‘ನೀರು ಎಲ್ಲಿಂದ ಬರ್ಬೇಕ್ರೀ ಸಾಹೇಬ್ರ? ಗಾಳ್ಯಾಗ ಇದ್ರ ತಾನ ಬರೋದು. ಪೈಪ್ ಛಲೋ ಐತಿ’ ಎಂದ. ನಾನು ಆಮೇಲೆ ಪುಸ್ತಕಗಳಲ್ಲಿ ಓದಿದ್ದೆಲ್ಲ ಆ ಮಾತಿನಲ್ಲಿತ್ತು.

ಅವನೇ ಹೊರಗಿನ ಯೂನಿಟ್ಟನ್ನು ತೋರಿಸಿದ. ಅದನ್ನು ಪಶ್ಚಿಮದ ಗೋಡೆಗೆ, ಸಜ್ಜಾದ ಕೆಳಗೆ, ಎದುರಿನ ಕಾಂಪೌಂಡಿಗೆ ಮುಖ ಮಾಡಿ ಕೂರಿಸಿದ್ದರು. ಇಳಿಬಿಸಿಲು ನೇರವಾಗಿ ಬೀಳುತ್ತಿತ್ತು. ಅದು ಉಗುಳಿದ ಬಿಸಿಗಾಳಿ ಗೋಡೆಗೆ ತಾಗಿ ಮರಳಿ ಅದರೊಳಗೇ ಹೋಗುತ್ತಿತ್ತು. ಕೋಣೆಯಿಂದ ಎತ್ತಿದ ಶಾಖವನ್ನು ಹೊರಗಿನ ಗಾಳಿಗೆ ಬಿಡಬೇಕಾದರೆ ಹೊರಗಿನ ಸುರುಳಿ ಆ ಗಾಳಿಗಿಂತ ಬಿಸಿಯಾಗಿರಲೇಬೇಕು. ಒಳಗಿನ ಸುರುಳಿ 10 ಡಿಗ್ರಿಯಲ್ಲಿದ್ದು ಹೊರಗಿನದು 50ರಲ್ಲಿದ್ದರೆ, ಭೌತಶಾಸ್ತ್ರದ ನಿಯಮ ಒಪ್ಪುವ ಗರಿಷ್ಠ ದಕ್ಷತೆ ಸುಮಾರು 7, ಅಂದರೆ ಒಂದು ಪಾಲು ವಿದ್ಯುತ್ತಿಗೆ ಕೋಣೆಯಿಂದ ಏಳು ಪಾಲು ಶಾಖ ಎತ್ತಬಹುದು. ಹೊರಗಿನದು 60ಕ್ಕೆ ಏರಿದರೆ ಅದು 5.7ಕ್ಕೆ ಇಳಿಯುತ್ತದೆ. ನಿಜವಾದ ಯಂತ್ರಗಳು ಈ ಮಿತಿಗಿಂತ ಬಹಳ ಕೆಳಗೆ ಇರುತ್ತವೆ, ಆದರೆ ಇಳಿತದ ದಿಕ್ಕು ಅದೇ. ಕೋಣೆಗೆ ತಂಪು ಹೆಚ್ಚು ಬೇಕಾದ ಗಂಟೆಯಲ್ಲಿಯೇ ಯಂತ್ರ ತಂಪನ್ನು ಕಡಿಮೆ ಕೊಟ್ಟು ವಿದ್ಯುತ್ತನ್ನು ಹೆಚ್ಚು ತಿನ್ನುತ್ತದೆ. ಒಳಗಿರುವ ಗ್ಯಾಸ್ ಯಾವುದು ಎಂಬುದೂ ಇಲ್ಲಿ ಮುಖ್ಯ. ಆರ್-410ಎ ಎಂಬ ಗ್ಯಾಸಿನ ಕ್ರಾಂತಿಕ ಉಷ್ಣತೆ, ಅಂದರೆ ಅದನ್ನು ಮೀರಿದರೆ ಎಷ್ಟು ಒತ್ತಿದರೂ ಗ್ಯಾಸ್ ದ್ರವವಾಗದ ಗೆರೆ, ಸುಮಾರು 71 ಡಿಗ್ರಿ, ಈಗ ಹೆಚ್ಚು ಬಳಕೆಯಲ್ಲಿರುವ ಆರ್-32ರದು 78, ಹಳೆಯ ಆರ್-22ರದು 96. ಸುರುಳಿಯ ಬಿಸಿ ಈ ಗೆರೆಗೆ ಹತ್ತಿರವಾದಷ್ಟೂ ಗ್ಯಾಸ್ ದ್ರವವಾಗುವಾಗ ಬಿಟ್ಟುಕೊಡುವ ಶಾಖ ಕುಗ್ಗುತ್ತ ಹೋಗುತ್ತದೆ. ಯೂನಿಟ್ಟನ್ನು ಉತ್ತರದ ನೆರಳಿಗೆ ಸರಿಸಿ, ಮಾಳಿಗೆಗೆ ದಪ್ಪಗೆ ಸುಣ್ಣ ಬಳಿಸಿದ ಮೇಲೆ ಸಂಜೆಯ ಹೊತ್ತು ಕಂಪ್ರೆಸರ್ ನಡುನಡುವೆ ನಿಲ್ಲತೊಡಗಿತು. ಯಂತ್ರದೊಳಗೆ ಯಾರೂ ಕೈ ಹಾಕಿರಲಿಲ್ಲ.

ಆ ಸೀಮೆಯಲ್ಲಿ ಎಸಿಗೆ ನಿಜವಾದ ಪ್ರತಿಸ್ಪರ್ಧಿ ಕೂಲರ್ ಎಂಬುದನ್ನೂ ಹೇಳಬೇಕು. 42 ಡಿಗ್ರಿ, ಶೇ 15 ಆರ್ದ್ರತೆಯ ಗಾಳಿಯನ್ನು ಒದ್ದೆ ಪ್ಯಾಡಿನ ಮೂಲಕ ಹಾಯಿಸಿದರೆ ಅದು ಸುಮಾರು 26 ಡಿಗ್ರಿಗೆ ಇಳಿಯಬಲ್ಲದು, ಜೊತೆಗೆ ಒಣಗಿದ ಗಾಳಿಗೆ ಬೇಕಾದ ತೇವವನ್ನೂ ಸೇರಿಸಿಕೊಳ್ಳುತ್ತದೆ. ಖರ್ಚು ಒಂದು ಫ್ಯಾನು ಮತ್ತು ಒಂದು ಸಣ್ಣ ಪಂಪಿನದು. ಕಿಟಕಿ ತೆರೆದಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ, ಎಸಿಗೆ ಕಿಟಕಿ ಮುಚ್ಚಿರಬೇಕು; ಎರಡನ್ನೂ ಒಟ್ಟಿಗೆ ಹಾಕಿ ಕೂರುವ ಮನೆಗಳನ್ನು ನಾನು ನೋಡಿದ್ದೇನೆ, ಅದರಿಂದ ಎರಡೂ ಕೆಡುತ್ತವೆ. ಮಂಗಳೂರಿನಲ್ಲಿ ಅದೇ ಕೂಲರ್ 32 ಡಿಗ್ರಿಯ ಗಾಳಿಯನ್ನು 28ಕ್ಕಿಂತ ಕೆಳಗೆ ಇಳಿಸಲಾರದು, ಇಳಿಸಿದ ಗಾಳಿಯೂ ತೊಯ್ದಿರುತ್ತದೆ. ಕಲಬುರಗಿಯವರು ಮೇ ಕೊನೆಯವರೆಗೆ ಕೂಲರ್ ನಡೆಸಿ, ಜೂನಿನ ಮೋಡ ಕವಿದು ಗಾಳಿ ಹಸಿಯಾದ ಮೇಲೆ ಎಸಿ ಹಾಕುವುದು ಬಹಳ ವಿವೇಕದ ರೂಢಿ ಎಂದು ನನಗೆ ಅನ್ನಿಸುತ್ತದೆ.

ಮಂಗಳೂರಿನ ಬಕೆಟ್ಟು

ಮಂಗಳೂರಿನಲ್ಲಿ ಸಿಕ್ಕಿದ್ದು ಹಂಚಿನ ಮಾಡಿನ ಹಳೆಯ ಮನೆ. ಮಲಗುವ ಕೋಣೆಗೆ ಮರದ ಹಲಗೆಯ ಮುಚ್ಚಿಗೆ, ಮರದ ಕಿಟಕಿಗಳು, ಬಾಗಿಲಿನ ಕೆಳಗೆ ಎರಡು ಬೆರಳು ನುಸುಳುವಷ್ಟು ಸಂದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ತುಂಬ ಹಬ್ಬಿದ ಈ ಮಾಡು ಗಾಳಿಯನ್ನು ಹೊರಬಿಡುವುದಕ್ಕೆಂದೇ ಇರುವಂಥದ್ದು. ಮಳೆಯನ್ನು ತಡೆದು, ಬಿಸಿಗಾಳಿಯನ್ನು ಹಂಚಿನ ಸಂದುಗಳಿಂದ ಮೇಲಕ್ಕೆ ಕಳಿಸುವ ಬುದ್ಧಿವಂತ ವ್ಯವಸ್ಥೆ ಅದು. ಫ್ಯಾನಿನ ಕೆಳಗೆ ಬದುಕುವವರಿಗೆ ಅದು ವರ. ಎಸಿಗೆ ಅಂಥ ಕೋಣೆಯನ್ನು ಕೊಡುವುದೆಂದರೆ ಊರಿನ ಗಾಳಿಯನ್ನೆಲ್ಲ ಒಣಗಿಸಲು ಹೇಳಿದ ಹಾಗೆ.

ಡ್ರೈನ್ ಪೈಪು ಅಂಗಳಕ್ಕೆ ಹರಿಯುತ್ತಿದ್ದುದರಿಂದ ಕೆಸರಾಗದಿರಲಿ ಎಂದು ಮನೆಯವಳು ಅದರ ಕೆಳಗೆ ಬಟ್ಟೆ ಒಗೆಯುವ ಬಕೆಟ್ಟು ಇಟ್ಟಳು. ಬೆಳಿಗ್ಗೆ ನೋಡಿದರೆ ಎಂಟು ಹತ್ತು ಲೀಟರ್ ತುಂಬಿರುತ್ತಿತ್ತು. ಆ ನೀರನ್ನು ಮಲ್ಲಿಗೆ ಗಿಡಕ್ಕೆ ಹಾಕುತ್ತಿದ್ದೆವು. ಒಂದು ಭಾನುವಾರ ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿದೆ: ಹತ್ತು ಅಡಿ ಎತ್ತರದ, ಹತ್ತಕ್ಕೆ ಹನ್ನೆರಡು ಅಡಿಯ ಆ ಕೋಣೆಯಲ್ಲಿ ಹಿಡಿಯುವ ಗಾಳಿ ನಲವತ್ತು ಕಿಲೋ ಒಳಗೆ. ಅದನ್ನು ಹಿತವಾಗುವಷ್ಟು ಒಣಗಿಸಿದರೆ ಬರುವ ನೀರು ಅರ್ಧ ಲೀಟರ್ ಕೂಡ ಆಗದು. ಮಲಗಿದ ಇಬ್ಬರ ಉಸಿರು, ಬೆವರಿನಿಂದ ರಾತ್ರಿಯಿಡೀ ಒಂದು ಲೀಟರಿನ ಆಸುಪಾಸು. ಹಾಗಾದರೆ ಬಕೆಟ್ಟಿನ ಉಳಿದ ನೀರೆಲ್ಲ ಸಂದುಗಳಿಂದ ಬಂದ ಹೊರಗಿನ ಗಾಳಿಯದು. ಹಿಂದಕ್ಕೆ ಲೆಕ್ಕ ಮಾಡಿದರೆ, ಕೋಣೆಯ ಗಾಳಿ ಗಂಟೆಗೆ ಎರಡು ಸಲಕ್ಕೂ ಹೆಚ್ಚು ಪೂರ್ತಿ ಬದಲಾಗುತ್ತಿತ್ತು. ಎಸಿಯ ಆರೋಗ್ಯ ತಿಳಿಯಲು ಮಂಗಳೂರಿನಂಥ ಊರಿನಲ್ಲಿ ಆ ಬಕೆಟ್ಟಿಗಿಂತ ಒಳ್ಳೆಯ ಉಪಕರಣವನ್ನು ನಾನು ಕಂಡಿಲ್ಲ.

ಅಲ್ಲಿನ ಮೆಕ್ಯಾನಿಕ್ ಹಿರಿಯರು, ಮಾತು ಕಡಿಮೆ. ಬಿಲ್ಲಿನ ವಿಷಯ ಹೇಳಿದಾಗ ಎಸಿಯ ಕಡೆ ಹೋಗಲೇ ಇಲ್ಲ; ಕೋಣೆಯ ಸುತ್ತ ಒಂದು ಸುತ್ತು ಹಾಕಿ, ಮುಚ್ಚಿಗೆಯ ಹಲಗೆಗಳ ನಡುವೆ ಟಾರ್ಚ್ ಬಿಟ್ಟು ನೋಡಿ, ‘ಮಿಷಿನ್ ಸರಿ ಉಂಟು ಸರ್, ಕಿಟಕಿ ಸರಿ ಇಲ್ಲ. ಮೊದಲು ಕಿಟಕಿ ಮಾಡುವ, ಮತ್ತೆ ಮಿಷಿನ್ ನೋಡುವ’ ಎಂದರು. ಬಡಗಿಯನ್ನು ಕರೆಸಿ ಕಿಟಕಿಯ ಚೌಕಟ್ಟಿಗೆ ರಬ್ಬರ್ ಪಟ್ಟಿ ಹೊಡೆಸಿದೆವು, ಬಾಗಿಲಿನ ಅಡಿಗೆ ಬ್ರಷ್ ಪಟ್ಟಿ ಹಾಕಿಸಿದೆವು, ಮುಚ್ಚಿಗೆಯ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಅಂಚುಗಳನ್ನು ಮುಚ್ಚಿಸಿದೆವು. ಆ ವಾರದಿಂದ ಬಕೆಟ್ಟಿನ ತಳದಲ್ಲಿ ಮಾತ್ರ ನೀರು ಇರತೊಡಗಿತು, ಹಾಸಿಗೆ ಒಣಗಿತು, 24ರ ಬದಲು 27ಕ್ಕೆ ಇಟ್ಟು ಫ್ಯಾನ್ ಹಾಕಿದರೆ ಒಳ್ಳೆಯ ನಿದ್ದೆ ಬರುತ್ತಿತ್ತು.

ಸೆಖೆಯ ಊರಿನಲ್ಲಿ ದೊಡ್ಡ ಎಸಿ ಹಾಕುವುದು ಎಷ್ಟು ಕೆಟ್ಟದ್ದು ಎಂಬುದನ್ನೂ ಅವರೇ ವಿವರಿಸಿದರು. ಅಗತ್ಯಕ್ಕಿಂತ ದೊಡ್ಡ ಯಂತ್ರ ಹತ್ತು ನಿಮಿಷದಲ್ಲಿ ಉಷ್ಣತೆಯನ್ನು ಇಳಿಸಿ ನಿಂತುಬಿಡುತ್ತದೆ. ಸುರುಳಿಯ ಮೇಲೆ ಕಟ್ಟಿದ ನೀರು ಪೈಪಿಗೆ ಇಳಿಯುವ ಮೊದಲೇ, ಇನ್ನೂ ತಿರುಗುತ್ತಿರುವ ಒಳಗಿನ ಫ್ಯಾನ್ ಅದನ್ನು ಮತ್ತೆ ಕೋಣೆಗೆ ಬೀಸುತ್ತದೆ. ಕೋಣೆ ತಣ್ಣಗಾಗುತ್ತದೆ, ಒಣಗುವುದಿಲ್ಲ. ಇನ್ವರ್ಟರ್ ಎಸಿಗಳು ನಿಲ್ಲದೆ ನಿಧಾನವಾಗಿ ಓಡುವುದರಿಂದ ಈ ತೊಂದರೆ ಕಡಿಮೆ, ಆದರೆ ತೀರ ನಿಧಾನವಾಗಿ ಓಡುವಾಗ ಅವುಗಳ ಸುರುಳಿ ಸಾಕಷ್ಟು ತಣ್ಣಗಿರುವುದಿಲ್ಲ. 32 ಡಿಗ್ರಿ, ಶೇ 70ರ ಗಾಳಿ ಸುಮಾರು 26 ಡಿಗ್ರಿಯ ಯಾವ ಮೈಗೆ ತಾಗಿದರೂ ಹನಿಗಟ್ಟುತ್ತದೆ. ಇದರಿಂದಲೇ 22ಕ್ಕೆ ಇಟ್ಟ ಕೋಣೆಯ ಗೋಡೆ, ಕಪಾಟಿನ ಹಿಂಬದಿ, ಚರ್ಮದ ಚಪ್ಪಲಿಗಳಿಗೆ ಬೂಷ್ಟು ಹಿಡಿಯುವುದು. ಮಳೆಗಾಲದಲ್ಲಿ ಕಷ್ಟ ಇನ್ನೊಂದು ಬಗೆಯದು: ಹೊರಗೇ 26 ಡಿಗ್ರಿ ಇರುವಾಗ ಎಸಿಗೆ ತಂಪು ಮಾಡುವ ಕೆಲಸವಿಲ್ಲ, ಆದ್ದರಿಂದ ಒಣಗಿಸುವ ಕೆಲಸವೂ ನಡೆಯುವುದಿಲ್ಲ. ಡ್ರೈ ಮೋಡ್ ಆಗ ಅಲ್ಪಸ್ವಲ್ಪ ನೆರವಾಗುತ್ತದೆ. ಉಪ್ಪುಗಾಳಿಗೆ ಹೊರಗಿನ ಯೂನಿಟ್ಟಿನ ಅಲ್ಯೂಮಿನಿಯಂ ರೆಕ್ಕೆಗಳು ಬೇಗ ತಿಂದುಹೋಗುವುದು ಕರಾವಳಿಯವರಿಗೆಲ್ಲ ಗೊತ್ತಿರುವ ಸಂಗತಿ.

ನಕ್ಷತ್ರಗಳು ಯಾವ ಊರಿನವು?

ಎಸಿಯ ಮೇಲೆ ಅಂಟಿಸಿರುವ ನಕ್ಷತ್ರಗಳ ಹಿಂದಿರುವ ಅಂಕಿ ಐಎಸ್‌ಇಇಆರ್, ಅಂದರೆ ವರ್ಷದಲ್ಲಿ ತಿಂದ ವಿದ್ಯುತ್ತಿಗೆ ಎಸಿ ಎಷ್ಟು ತಂಪು ಕೊಡುತ್ತದೆ ಎಂಬ ಅಳತೆ. ಇಂಧನ ದಕ್ಷತಾ ಬ್ಯೂರೊ 2018ರಿಂದ ಕಡ್ಡಾಯ ಮಾಡಿರುವ ಈ ಅಂಕಿಯನ್ನು ಲೆಕ್ಕ ಹಾಕಲು ಹೊರಗಿನ ಉಷ್ಣತೆ 24ರಿಂದ 43 ಡಿಗ್ರಿಯ ನಡುವೆ ಇರುವ 1600 ಗಂಟೆಗಳ ಒಂದು ವರ್ಷವನ್ನು ಕಲ್ಪಿಸಿಕೊಳ್ಳಲಾಗುತ್ತದೆ. ಇಡೀ ದೇಶಕ್ಕೆ ಅದೊಂದೇ ವರ್ಷ. ಪರೀಕ್ಷೆಯ ಕೋಣೆ 27 ಡಿಗ್ರಿಯಲ್ಲಿ, ಸುಮಾರು ಶೇ 47 ಆರ್ದ್ರತೆಯಲ್ಲಿ ಇರುತ್ತದೆ. ಬಾಗಿಲು ತೆರೆದು ಮುಚ್ಚುವ ಕರಾವಳಿಯ ಮನೆ ಅಷ್ಟು ಒಣಗಿರುವುದು ವಿರಳ. ಕಲಬುರಗಿಯ ಪಶ್ಚಿಮದ ಗೋಡೆಯ ಮಧ್ಯಾಹ್ನ 43ಕ್ಕೆ ನಿಲ್ಲುವುದಿಲ್ಲ. ಎರಡು ಯಂತ್ರಗಳನ್ನು ಹೋಲಿಸಲು ನಕ್ಷತ್ರ ಉಪಯುಕ್ತ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಳಗಿನ ಸುರುಳಿಯನ್ನು ಸ್ವಲ್ಪ ಬೆಚ್ಚಗಿಟ್ಟರೆ ದಕ್ಷತೆಯ ಅಂಕಿ ಏರುತ್ತದೆ, ನೀರು ಇಳಿಸುವ ಶಕ್ತಿ ಕುಗ್ಗುತ್ತದೆ. ಆ ಕುಗ್ಗಿದ್ದು ನಕ್ಷತ್ರದಲ್ಲಿ ಕಾಣುವುದಿಲ್ಲ. ಗಂಟೆಗೆ ಎಷ್ಟು ನೀರು ಇಳಿಸುತ್ತದೆ ಎಂಬ ಅಂಕಿಯೂ, 46 ಡಿಗ್ರಿಯಲ್ಲಿ ಎಷ್ಟು ತಂಪು ಕೊಡುತ್ತದೆ ಎಂಬ ಅಂಕಿಯೂ ಆ ಚೀಟಿಯ ಮೇಲೆ ದೊಡ್ಡದಾಗಿ ಇರಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಇದು ಆಗದ ಮಾತಲ್ಲ. ಐಎಸ್‌ಒ 5151 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ 35 ಡಿಗ್ರಿಯ ಟಿ1 ಪರೀಕ್ಷೆಯ ಜೊತೆಗೆ 46 ಡಿಗ್ರಿಯ ಟಿ3 ಪರೀಕ್ಷೆಯೂ ಇದೆ. ಕೊಲ್ಲಿ ದೇಶಗಳ ಪೇಟೆಯಲ್ಲಿ ಟಿ3 ಎಂಬ ಗುರುತು ಪರಿಚಿತ. ಕರಾವಳಿಯಿಂದ ಅಲ್ಲಿಗೆ ದುಡಿಯಲು ಹೋದವರಿಗೆ ಕಲಬುರಗಿಯ ಬಿಸಿಯೂ ಮಂಗಳೂರಿನ ಸೆಖೆಯೂ ಒಂದೇ ದಿನ ಎದುರಾಗುತ್ತವೆ. ಸೌದಿ ಅರೇಬಿಯದ ದಹ್ರಾನ್‌ನಲ್ಲಿ 2003ರ ಜುಲೈ 8ರಂದು ಗಾಳಿ ಹನಿಗಟ್ಟುವ ಉಷ್ಣತೆಯೇ 35 ಡಿಗ್ರಿ ಮುಟ್ಟಿತ್ತು. ಅಲ್ಲಿ ಎಸಿ ನಿಂತರೆ ಬದುಕೇ ಕಷ್ಟ.

ಉಷ್ಣತೆಯ ಅಂಕಿಯ ಬಗ್ಗೆಯೂ ಇದೇ ಮಾತು. 2020ರ ಜನವರಿಯಿಂದ ಹೊಸ ಎಸಿಗಳು ಆನ್ ಆದಾಗ 24ರಲ್ಲಿ ಶುರುವಾಗಬೇಕೆಂಬ ನಿಯಮವಿದೆ. 2025ರ ಜೂನ್‌ನಲ್ಲಿ ಕೇಂದ್ರ ಇಂಧನ ಸಚಿವ ಮನೋಹರ್ ಲಾಲ್ ಅವರು 20ರಿಂದ 28ರ ನಡುವಿನ ಮಿತಿಯ ಪ್ರಸ್ತಾಪವನ್ನು ಪ್ರಕಟಿಸಿದರು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಬ್ಯೂರೊ ಹೇಳುತ್ತದೆ. ಉದ್ದೇಶ ಸರಿಯಾದದ್ದೇ. ಆದರೆ ಮಂಗಳೂರಿನಲ್ಲಿ ಜನ 18ಕ್ಕೆ ಇಳಿಸುವುದು ಚಳಿಯ ಆಸೆಯಿಂದಲ್ಲ, ಅಂಟು ಹೋಗಲೆಂದು. ಅವರಿಗೆ ಡಿಗ್ರಿಯ ಜೊತೆಗೆ ಆರ್ದ್ರತೆಯ ಅಂಕಿಯನ್ನೂ ತೋರಿಸಿದರೆ ತಾವಾಗಿಯೇ ಮೇಲಕ್ಕೆ ಏರಿಸುತ್ತಾರೆ.

ಬೆಂಗಳೂರಿನ ಮೇಲ್ಮಹಡಿ

ಈಗ ನಾವಿರುವುದು ಬೆಂಗಳೂರಿನಲ್ಲಿ. ಅಕ್ಕನ ಮಗಳು ಇಲ್ಲಿಯೇ ಕೊನೆಯ ಮಹಡಿಯಲ್ಲಿ ಫ್ಲ್ಯಾಟ್ ಕೊಂಡಿದ್ದಾಳೆ. ‘ಮಾಮಾ, ಒಂದೂವರೆ ಟನ್ ಸಾಕಾ, ಎರಡು ಬೇಕಾ?’ ಎಂದು ಏಪ್ರಿಲ್‌ನಲ್ಲಿ ಫೋನ್ ಮಾಡಿದಳು. ಅಂಗಡಿಯವನು ಮೇಲ್ಮಹಡಿ ಎಂದಾಕ್ಷಣ ಎರಡು ಟನ್ ಎಂದಿದ್ದನಂತೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಈ ಊರಿನಲ್ಲಿ ಏಪ್ರಿಲ್‌ನ ಸರಾಸರಿ ಗರಿಷ್ಠ ಉಷ್ಣತೆ 34ರ ಸುತ್ತ, ರಾತ್ರಿಯ ಕನಿಷ್ಠ 22ರ ಸುತ್ತ. ಹೊರಗಿನ ಗಾಳಿ ರಾತ್ರಿ ಹನ್ನೊಂದಕ್ಕೆ ತಾನಾಗಿಯೇ ಎಸಿಯ ಗಾಳಿಯಷ್ಟು ತಂಪಾಗಿರುತ್ತದೆ. ಅವಳ ಕೋಣೆ ಮಾತ್ರ ಆ ಹೊತ್ತಿಗೂ 31 ತೋರಿಸುತ್ತಿತ್ತು. ನಾವಿಬ್ಬರೂ ತಾರಸಿಗೆ ಹೋಗಿ ನೋಡಿದೆವು: ಮಾಸಲು ಬೂದು ಕಾಂಕ್ರೀಟು, ಒಂದು ಮೂಲೆಯಲ್ಲಿ ಸೋಲಾರ್ ಹೀಟರ್, ಉಳಿದದ್ದೆಲ್ಲ ಬಿಸಿಲಿಗೆ ಬಿಟ್ಟ ಜಾಗ. ರಾತ್ರಿ ಚಪ್ಪಲಿ ಬಿಟ್ಟು ನಿಂತರೆ ಅಂಗಾಲಿಗೆ ಬಿಸಿ ಹತ್ತುತ್ತಿತ್ತು, ಮುಖಕ್ಕೆ ತಣ್ಣನೆಯ ಗಾಳಿ ಬೀಸುತ್ತಿತ್ತು. ಕೆಳಗೆ ಅವಳು ಸೊಳ್ಳೆಗೆ ಹೆದರಿ ಸಂಜೆ ಆರಕ್ಕೇ ಕಿಟಕಿಗಳನ್ನೆಲ್ಲ ಮುಚ್ಚಿರುತ್ತಿದ್ದಳು.

ಇದು ಕಲಬುರಗಿಯ ಕಾಯಿಲೆ, ಆದರೆ ಸೌಮ್ಯವಾದದ್ದು. ಎರಡು ಟನ್ನಿನ ಯಂತ್ರ ಇಲ್ಲಿ ವರ್ಷದ ಹೆಚ್ಚು ಕಾಲ ಗೋಡೆಯ ಅಲಂಕಾರವಾಗಿರುತ್ತದೆ. ಓಡಿದಾಗಲೂ ಚುರುಕಾಗಿ ನಿಂತು ಚುರುಕಾಗಿ ಶುರುವಾಗುತ್ತ ಸವೆಯುತ್ತದೆ. ಕಿಟಕಿಗಳಿಗೆ ಜಾಲರಿ ಹಾಕಿಸು, ರಾತ್ರಿ ಒಂದು ಎಕ್ಸಾಸ್ಟ್ ಫ್ಯಾನ್ ಓಡಿಸಿ ಹೊರಗಿನ ತಂಪನ್ನು ಒಳಗೆ ಎಳೆದುಕೋ, ತಾರಸಿಗೆ ಬಿಳಿಯ ಬಣ್ಣ ಬಳಿಸು, ಇಷ್ಟಾದ ಮೇಲೂ ಬೇಕೆನಿಸಿದರೆ ಮಲಗುವ ಕೋಣೆಗೆ ಒಂದು ಟನ್ ಸಾಕು ಎಂದು ಹೇಳಿದೆ. ಜಾಲರಿ ಬಂದಿದೆ, ಫ್ಯಾನೂ ಬಂದಿದೆ. ತಾರಸಿ ಎಲ್ಲರ ಪಾಲಿನದಾದ್ದರಿಂದ ಬಣ್ಣಕ್ಕೆ ಅಪಾರ್ಟ್‌ಮೆಂಟ್ ಸಂಘದ ಒಪ್ಪಿಗೆ ಬೇಕು; ಖರ್ಚನ್ನು ಮೇಲ್ಮಹಡಿಯ ನಾಲ್ಕು ಮನೆಯವರೇ ಹಂಚಿಕೊಳ್ಳುವುದಾದರೆ ಅಡ್ಡಿಯಿಲ್ಲ ಎಂದು ಕಾರ್ಯದರ್ಶಿ ಹೇಳಿದ್ದಾರೆ. ಮೂರು ಮನೆಯವರು ಒಪ್ಪಿದ್ದಾರೆ. ನಾಲ್ಕನೆಯವರು ಆಗಲೇ ಎರಡು ಟನ್ ಕೊಂಡಿದ್ದಾರಂತೆ. ಅವರ ಜೊತೆ ಮಾತನಾಡಲು ಬರುವ ಭಾನುವಾರ ನಾನೇ ಹೋಗುತ್ತಿದ್ದೇನೆ.